ಒಂದೇ ಜಾಗದಲ್ಲಿ ಖಾಲಿ

ಜಾರಿತು, ಮತ್ತೆ ಜಾರಿತು ಕನ್ನಡಕ, ಮೂಗಿನ ಬುಡದಿಂದ ತುದಿಗೆ ಬಂದು ನಿಂತಿತು, ನಿಂತ ಮರುಕ್ಷಣವೇ ಅಮ್ಮನ ತೋರುಬೆರಳು ಹೋಗಿ ಅದನ್ನು ಮೇಲಕ್ಕೆ ತಳ್ಳಿತು – ಕನ್ನಡಕ ತಮ್ಮನದು, ಮೂಗು ತಮ್ಮನದು, ಬೆರಳು ಮಾತ್ರ ಅಮ್ಮನದು, ಮೂವತ್ತು ದಾಟಿದ ಗಂಡಸಿಗೆ ಸ್ವಂತ ಬೆರಳಿಲ್ಲವೇ, ಇವೆ, ಉದ್ದುದ್ದ ತೆಳ್ಳನೆಯ ಬೆರಳುಗಳು, ತೊಡೆಯ ಮೇಲೆ ರಜೆ ಹಾಕಿ ಮಲಗಿವೆ, ಅಮ್ಮ ಇರುವ ತನಕ ಅವಕ್ಕೇನು ಕೆಲಸ. ಆಸ್ಪತ್ರೆಯ ಬೆಂಚಿನ ಈ ತುದಿಯಲ್ಲಿ ಕೂತ ಅಕ್ಕನಿಗೆ ಸಿಟ್ಟು ಬಂದದ್ದು ಬೆರಳಿನ ಮೇಲೋ ಕನ್ನಡಕದ ಮೇಲೋ, ಕನ್ನಡಕದ ಮೇಲೆ ಎಂದುಕೊಂಡರೆ ಮರ್ಯಾದೆ ಉಳಿಯುತ್ತದೆ, ಯಾಕೆಂದರೆ ಅದನ್ನು ಕೂರಿಸಿದವಳು ಅವಳೇ, ಕನ್ನಡಕದಂಗಡಿಯಲ್ಲಿ ಇಷ್ಟು ವರ್ಷದಿಂದ ಕಂಡವರ ಮೂಗು ಕಿವಿ ಅಳೆದುಕೊಂಡು ಬಂದವಳು, ಅವಳು ಕೂರಿಸಿದ ಫ್ರೇಮು ಜಾರಿತೆಂದು ಗೊತ್ತಾದರೆ ಮಾಲೀಕ ಹಲ್ಲು ಕಿರಿದಾನು, ಆದರೆ ಈ ಕಿವಿಗೆ ಯಾರು ತಾನೇ ಏನು ಮಾಡಲಾದೀತು, ಅಷ್ಟೇ ಅಷ್ಟು ಕಿವಿ, ಮೇಲಂಚು ಒಳಕ್ಕೆ ಮಡಚಿಕೊಂಡದ್ದು, ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಮೆತ್ತಗಾದ ಮೇಲೆ ಬೇರೆ ಯಾರಿಗೂ ಬಗ್ಗಿಸದಷ್ಟು ಬಗ್ಗಿಸಬೇಕು, ಕೊಕ್ಕೆ ಮಾಡಬೇಕು, ಆಮೇಲೆ ಅದೇ ಕೊಕ್ಕೆಯನ್ನು ಇನ್ನೊಬ್ಬರಿಗೂ ಮಾಡಬೇಕು, ಅಮ್ಮನಿಗೆ. ಒಮ್ಮೆ ಅಂಗಡಿಯಲ್ಲಿ ಇಬ್ಬರ ಫ್ರೇಮೂ ಒಟ್ಟಿಗೆ ಬಗ್ಗಿಸಿ ಬಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟಾಗ ಯಾವುದು ಯಾರದೆಂದು ಅವಳಿಗೇ ತಿಳಿಯಲಿಲ್ಲ, ಕಡ್ಡಿಯೊಳಗೆ ಕಡ್ಡಿ ಸರಿಯಾಗಿ ಕೂತುಬಿಟ್ಟಿತು, ಎಷ್ಟು ಒಗ್ಗಟ್ಟು ನೋಡು ಎಂದುಕೊಂಡು ಅವಳು ತನ್ನ ಕನ್ನಡಕವನ್ನೂ ತೆಗೆದು ಅವುಗಳ ಮೇಲಿಟ್ಟಳು, ಅದು ಕಾಲು ಚಾಚಿ ಮಲಗಿತು, ಎಲ್ಲೂ ಸೇರಲಿಲ್ಲ, ಅವಳದು ಅಪ್ಪನ ಕಿವಿ, ಮೊರದಗಲ, ಸತ್ತ ಅಪ್ಪ ಬಿಟ್ಟುಹೋದ ಆಸ್ತಿ ಅದೊಂದೇ. ನೀನು ಥೇಟ್ ನಿಮ್ಮಪ್ಪ, ಅಮ್ಮ ಸಿಟ್ಟು ಬಂದಾಗೆಲ್ಲ ಹೇಳುತ್ತಾಳೆ, ಹೊಗಳಿಕೆಯಲ್ಲ.

ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ, ಎದುರು ಬಾಗಿಲ ಮೇಲೆ ಮನೋರೋಗ ವಿಭಾಗ ಎಂದು ಬರೆದ ಹಲಗೆ, ಹಲಗೆಯ ಒಂದು ಮೊಳೆ ಕಿತ್ತು ಅದು ಓರೆಯಾಗಿ ಎಷ್ಟು ವರ್ಷವಾಯಿತೋ, ಇವನಿಗೆ ಹತ್ತೊಂಬತ್ತರಲ್ಲಿ ಗೋಡೆಯಾಚೆಯ ಜನ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನಿಸಿ ಇಲ್ಲಿಗೆ ಮೊದಲು ಕರೆತಂದಾಗಲೂ ಓರೆಯೇ ಇತ್ತು. ಗೋಡೆಯಾಚೆ ಇದ್ದದ್ದು ನಿವೃತ್ತ ಮೇಷ್ಟ್ರ ಮನೆ, ಆ ಗಂಡ ಹೆಂಡತಿ ಪರಸ್ಪರ ಮಾತು ಬಿಟ್ಟು ಕಾಲವಾಗಿತ್ತು, ಆದರೂ ಅಮ್ಮ ಹೋಗಿ ಅವರಿಗೆ ಸ್ವಲ್ಪ ಮೆಲ್ಲಗೆ ಮಾತಾಡಿ ಎಂದು ಹೇಳಿಬಂದಳು, ಅದು ಅಮ್ಮ. ಇಷ್ಟು ವರ್ಷ ಮನಸ್ಸಿನ ಕಾಯಿಲೆ ಮನಸ್ಸಿನ ಕಾಯಿಲೆ ಎಂದು ಓಡಾಡಿಸಿದ ಮೇಲೆ ಈಗ ರಕ್ತದ ಮಾತು ಬಂತು, ಬಂದದ್ದು ಒಂದು ದವಡೆಹಲ್ಲಿನಿಂದ, ಹುಳುಕು ಹಲ್ಲು, ಕೀಳಿಸಿಕೊಂಡು ಬಂದವನ ಬಾಯಲ್ಲಿ ರಕ್ತ ನಿಲ್ಲಲಿಲ್ಲ, ಮಧ್ಯಾಹ್ನವಾಯಿತು, ಸಂಜೆಯಾಯಿತು, ಅಮ್ಮ ಟವೆಲ್ ಹಿಡಿದು ಅವನ ಗಲ್ಲದ ಕೆಳಗೆ ಕೂತೇ ಇದ್ದಳು, ಪುಟ್ಟಾ ನುಂಗಬೇಡ ಪುಟ್ಟಾ, ಪುಟ್ಟ ಅಂತೆ, ಗಡ್ಡದಲ್ಲಿ ಬಿಳಿ ಕಾಣಿಸಿಕೊಂಡ ಪುಟ್ಟ, ನೆಲ ಒರೆಸಿದವಳು ದೊಡ್ಡೋಳು. ಅವನು ಹುಟ್ಟಿದ ದಿನದಿಂದ ಅವಳು ದೊಡ್ಡೋಳು, ಆಗ ಅವಳಿಗೆ ನಾಲ್ಕು ವರ್ಷ, ನಾಲ್ಕು ವರ್ಷಕ್ಕೇ ಬಡ್ತಿ.

ಆಮೇಲೆ ರಕ್ತಪರೀಕ್ಷೆ, ಪ್ಲೇಟ್‌ಲೆಟ್ ಕಡಿಮೆ ಅಂದರು, ಅದೇನು ಹೊಸದೇ, ಪ್ರತಿ ಸಲವೂ ಕಡಿಮೆ, ಹಳೆಯ ಡಾಕ್ಟರು ಕಾಗದ ನೋಡಿ ಅದು ಮಾತ್ರೆಯಿಂದ, ಈ ಮಾತ್ರೆ ತಗೊಂಡೋರಿಗೆ ಹಂಗಾಗುತ್ತೆ ಅನ್ನುತ್ತಿದ್ದರು, ಅವಳೂ ಅಮ್ಮನೂ ಮಾತ್ರೆಯಿಂದ ಮಾತ್ರೆಯಿಂದ ಎಂದು ಬಾಯಿಪಾಠ ಮಾಡಿಕೊಂಡಿದ್ದರು, ಎಲ್ಲ ಅಪವಾದವನ್ನೂ ಹೊರಲು ಒಂದು ಮಾತ್ರೆ ಇದ್ದರೆ ಎಷ್ಟು ಅನುಕೂಲ. ಹೊಸದಾಗಿ ಬಂದ ಡಾಕ್ಟರಮ್ಮ ಮಾತ್ರೆಯನ್ನೇ ಬದಲಾಯಿಸಿ ನೋಡಿದಳು, ಲೆಕ್ಕ ಏರಲಿಲ್ಲ, ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿಸಿ ನೋಡಿಸಿದಳು, ಇರುವ ನಾಲ್ಕೇ ನಾಲ್ಕು ಪ್ಲೇಟ್‌ಲೆಟ್ಟುಗಳೂ ಊದಿಕೊಂಡು ದೊಡ್ಡದೊಡ್ಡದಾಗಿದ್ದವಂತೆ, ಮಾತ್ರೆಯಿಂದಾದದ್ದಾದರೆ ಹಾಗಿರಬೇಕಿಲ್ಲವಂತೆ, ಕ್ಯಾಲ್ಸಿಯಂ ನೋಡಿದರೆ ಅದೂ ಕಡಿಮೆ, ಇವನ ಬೆರಳು ಜುಮುಗುಟ್ಟುತ್ತದೆ, ಒಮ್ಮೊಮ್ಮೆ ಕೈ ಸೆಟೆದುಕೊಳ್ಳುತ್ತದೆ, ಅದನ್ನೂ ಮಾತ್ರೆಯ ಖಾತೆಗೇ ಬರೆದಿದ್ದರು. ಆಗ ಡಾಕ್ಟರಮ್ಮ ಮನಸ್ಸಿನ ವಿಷಯ ಬಿಟ್ಟು ಏನೇನೋ ಕೇಳತೊಡಗಿದಳು, ಹುಟ್ಟಿದಾಗ ಹೃದಯದಲ್ಲಿ ತೂತಿತ್ತಾ ಅಮ್ಮಾ, ಹಾಲು ಕುಡಿಸಿದ್ರೆ ಮೂಗಿನಿಂದ ಬರ್ತಿತ್ತಾ, ಮಾತು ಶುರುವಾಗಿದ್ದು ತಡವಾ, ಮೂಗಲ್ಲಿ ಮಾತಾಡ್ತಿದ್ರಾ – ಅಮ್ಮನ ಮುಖ ನೋಡಬೇಕಿತ್ತು ಆಗ, ಓದಿಕೊಂಡು ಬಂದ ಪ್ರಶ್ನೆಗಳೇ ಪರೀಕ್ಷೆಯಲ್ಲಿ ಬಿದ್ದ ಹುಡುಗಿಯ ಮುಖ, ಹೌದು ಡಾಕ್ಟ್ರೇ, ತೂತಿತ್ತು, ಎಂಟು ತಿಂಗಳಿಗೆ ಆಪರೇಷನ್ನು, ಹಾಲು ಮೂಗಲ್ಲಿ ಬರೋದು, ನಾನು ಚಮಚದಲ್ಲಿ, ಹನಿ ಹನಿ, ರಾತ್ರಿಯೆಲ್ಲ ಎತ್ತಿ ಹಿಡ್ಕೊಂಡು – ಹೇಳಿದ್ದೇ ಹೇಳಿದ್ದು, ಯಾರಾದರೂ ಒಂದು ದಿನ ಇದನ್ನೆಲ್ಲ ಕೇಳಲಿ ಎಂದು ಕಾದವಳ ಹಾಗೆ. ಡಾಕ್ಟರಮ್ಮ ಬರೆದುಕೊಂಡು, ಆಮೇಲೆ ತಲೆ ಎತ್ತಿ, ಮಗಳಿಗೆ ಇಂಥದ್ದೇನಾದ್ರೂ ಅಂತ ಕೇಳಿದಳು. ಇವಳದ್ದಾ, ಅಂದಳು ಅಮ್ಮ, ಮೇಜಿನ ಮೇಲೆ ಹುಡುಕಿದಳು, ನೆಲದ ಮೇಲೆ ಹುಡುಕಿದಳು, ಇವಳದ್ದೇನಿಲ್ಲ ಡಾಕ್ಟ್ರೇ, ಇವಳು ತಾನಾಗೇ ಬೆಳೆದಳು.

ತಾನಾಗೇ. ಬೇಲಿಯಲ್ಲಿ ಬೆಳೆದ ಹಾಗೆ. ಅವಳಿಗೂ ಒಮ್ಮೆ ಮೂರು ವಾರ ಜ್ವರ ಬಂದಿತ್ತು, ಅವಳೂ ಸೈಕಲ್ಲಿನಿಂದ ಬಿದ್ದು ಮಂಡಿಗೆ ಹೊಲಿಗೆ ಹಾಕಿಸಿಕೊಂಡಿದ್ದಳು, ಆ ದಿನ ತಮ್ಮನಿಗೆ ಹೃದಯದ ತಪಾಸಣೆ ಇತ್ತು, ಅಪ್ಪ ಕರೆದುಕೊಂಡು ಹೋದ, ಹೊಲಿಗೆ ಹಾಕುವಾಗ ಅಪ್ಪನೇ ಅತ್ತ, ಅವಳು ಅಳಲಿಲ್ಲ, ಅಳದೆ ಇದ್ದದ್ದೇ ತಪ್ಪಾಯಿತು, ಅಪ್ಪ ಮನೆಗೆ ಬಂದು ಅದನ್ನೇ ಹೊಗಳಿದ, ಅಮ್ಮ ಅವಳ ತಲೆ ಸವರಿ ನೀನು ಗಟ್ಟಿ ಕಣೇ ಅಂದಳು, ಒಂದೇ ಸಲ ಸವರಿದ್ದು, ಆ ಕೈ ಮತ್ತೆ ಪುಟ್ಟನ ಎದೆಯ ಮೇಲೆ, ಉಸಿರು ಸರಿಯಾಗಿದೆಯೋ ಇಲ್ಲವೋ. ಅವತ್ತಿನಿಂದ ಗಟ್ಟಿ. ಓದಿನಲ್ಲಿ ಮುಂದೆ ಬಂದಳು, ಗಟ್ಟಿ, ಅಪ್ಪ ಹೋದ, ಕೆಲಸಕ್ಕೆ ಸೇರಿದಳು, ಗಟ್ಟಿ, ಲೆನ್ಸ್ ತಂದುಕೊಡುತ್ತಿದ್ದ ಒಬ್ಬ ಮನುಷ್ಯ ಎರಡು ವರ್ಷ ಅವಳ ಮುಖವನ್ನೇ ನೋಡಿ ನೋಡಿ ಕೊನೆಗೆ ಬೇರೆಯವಳನ್ನು ಮದುವೆಯಾದ, ಗಟ್ಟಿ ಗಟ್ಟಿ, ಗಟ್ಟಿಯಾದದ್ದನ್ನು ಯಾರೂ ಎತ್ತಿಕೊಳ್ಳುವುದಿಲ್ಲ, ಗೋಡೆಗೆ ಒರಗಿಸಿಟ್ಟು ಹೋಗುತ್ತಾರೆ. ತಮ್ಮನ ಮೇಲೆ ಪ್ರೀತಿ ಇಲ್ಲವೆಂದಲ್ಲ, ಇದೆ, ದನಿಗಳು ಜೋರಾದ ದಿನ ಅವನು ಅಕ್ಕಾ ರೇಡಿಯೋ ಹಾಕು ಅಕ್ಕಾ ಎಂದು ಬಂದು ನಿಂತಾಗ ಕರುಳು ಕಿತ್ತುಬರುತ್ತದೆ, ರೇಡಿಯೋ ಹಾಕುತ್ತಾಳೆ, ಇಬ್ಬರೂ ಕೂತು ಕ್ರಿಕೆಟ್ ಕಾಮೆಂಟರಿ ಕೇಳುತ್ತಾರೆ, ಅಷ್ಟರಲ್ಲಿ ಅಮ್ಮ ಬಂದು ಅವನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರುತ್ತಾಳೆ, ಆ ಮಣಿಕಟ್ಟು, ಆ ಹಿಡಿತ, ಅದನ್ನು ಕಂಡರೆ ಮಾತ್ರ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತದೆ, ಈ ವಯಸ್ಸಿನಲ್ಲೂ, ಬಾಯಿಬಿಟ್ಟು ಹೇಳಿದರೆ ಜನ ಉಗಿದಾರು, ಹುಚ್ಚನ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು.

ಒಳಗಿನಿಂದ ಯಾರನ್ನೋ ಕೂಗಿದರು, ತಮ್ಮ ಎದ್ದು ನಿಂತ, ಇವರದಲ್ಲ, ಅಮ್ಮ ಅವನ ಅಂಗಿ ಎಳೆದು ಕೂರಿಸಿದಳು. ಸದ್ಯ, ಇನ್ನೂ ಸಮಯವಿದೆ, ಇನ್ನೂ ಏನೂ ಗೊತ್ತಾಗಿಲ್ಲ, ಗೊತ್ತಾಗುವ ತನಕ ಆಸೆ ಪಡಬಹುದು. ಆಸೆ – ಅದನ್ನೇ ನೇರವಾಗಿ ನೋಡಲಿಕ್ಕೆ ನಾಚಿಕೆ, ಹೋದ ತಿಂಗಳು ಮೂವರ ರಕ್ತವನ್ನೂ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದಾಗಿನಿಂದ ಒಳಗೇ ಇಟ್ಟುಕೊಂಡದ್ದು. ಇದು ಹುಟ್ಟಿನಿಂದಲೇ ಇರೋ ಕಾಯಿಲೆ ಅನ್ಸುತ್ತೆ, ಇವರಿಗೆ ಯಾರಿಂದಾದ್ರೂ ಬಂದಿರಬಹುದು, ತಾನಾಗಿಯೂ ಆಗಿರಬಹುದು, ಮನೆಯವರದೂ ನೋಡೋದು ಒಳ್ಳೇದು ಎಂದಿದ್ದಳು ಡಾಕ್ಟರಮ್ಮ, ಆ ರಾತ್ರಿಯಿಂದ ಅವಳು ಅದರ ಲಕ್ಷಣಗಳನ್ನು ಫೋನಿನಲ್ಲಿ ಓದಿದ್ದೇ ಓದಿದ್ದು, ಫೋನಿದ್ದವರೆಲ್ಲ ಡಾಕ್ಟರೇ ಈಗ, ಬಚ್ಚಲಿನ ಕನ್ನಡಿಯಲ್ಲಿ ಬಾಯಿ ಕಳೆದು ಅಂಗುಳು ನೋಡಿಕೊಂಡಳು, ಕಿರುನಾಲಿಗೆ ಇಬ್ಭಾಗವಾಗಿದೆಯೇ, ಇದ್ದರೂ ಇರಬಹುದು, ಲೈಟು ಸಾಲದು, ಬೆರಳು ಉದ್ದವೇ, ಅಲ್ಲ, ಲೆಕ್ಕದಲ್ಲಿ ಹಿಂದೆಯೇ, ಏಳನೆಯ ಕ್ಲಾಸಿನಲ್ಲಿ ಒಮ್ಮೆ ಫೇಲಾಗಿದ್ದಳು, ಅದು ಸಾಕಾದೀತೇ. ಹೀಗೆ ಒಂದೊಂದಾಗಿ ಹೊಂದಿಸಿಕೊಳ್ಳುತ್ತ ಹೋದವಳಿಗೆ ತಾನು ಹೆದರಿಕೆಯಿಂದ ಹುಡುಕುತ್ತಿಲ್ಲ ಎಂದು ಹೊಳೆದದ್ದು ಅಲ್ಲೇ, ಬಾಯಿ ಕಳೆದುಕೊಂಡು ನಿಂತಲ್ಲೇ, ತನ್ನಲ್ಲಿ ಅದು ಸಿಗಲಿ ಎಂದು ಹುಡುಕುತ್ತಿದ್ದಾಳೆ. ಸಿಕ್ಕರೆ ಡಾಕ್ಟರಮ್ಮ ಹೇಳುತ್ತಾಳೆ, ನಿಮ್ಮ ಮಗಳಿಗೂ ಇದೆ ಅಮ್ಮಾ ಎಂದು, ಆಗ ಅಮ್ಮ ತಿರುಗಿ ನೋಡುತ್ತಾಳೆ, ಅಯ್ಯೋ ದೊಡ್ಡೋಳೇ ಎಂದು, ಇಷ್ಟು ವರ್ಷ ಗೊತ್ತಾಗಲಿಲ್ಲವಲ್ಲೇ ಎಂದು, ಆ ಕೈ ಇತ್ತ ಬರುತ್ತದೆ, ಈ ಮಣಿಕಟ್ಟಿಗೆ, ಒಂದು ನಿಮಿಷ ಹಿಡಿದರೂ ಸಾಕು, ಅಷ್ಟಕ್ಕೇ ಒಂದು ಕಾಯಿಲೆಯನ್ನು ಹೊತ್ತುಕೊಳ್ಳಲು ತಯಾರಾದವಳು ಅವಳು. ಹುಚ್ಚು ಯಾರಿಗೆ ಎಂದು ಕೇಳಿದರೆ ಉತ್ತರ ಕಷ್ಟ.

ಈಗ ಕೂಗಿದ್ದು ಇವರನ್ನೇ. ಕೋಣೆ ಚಿಕ್ಕದು, ಮೂರು ಕುರ್ಚಿ, ಎರಡು ಒಟ್ಟಿಗಿವೆ, ಒಂದು ಕಿಟಕಿಯ ಹತ್ತಿರ, ಕೇಳಬೇಕೇ, ಆ ಎರಡರಲ್ಲಿ ಅವರಿಬ್ಬರು. ಡಾಕ್ಟರಮ್ಮ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವಳು, ಕನ್ನಡಕದ ಬಲಗಡೆ ಕಡ್ಡಿ ಸಡಿಲವಾಗಿದೆ, ಸ್ಕ್ರೂ ಒಂದು ಸುತ್ತು ಬಿಗಿಸಿದರೆ ಸರಿಹೋಗುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ, ಇಷ್ಟು ಮುಖ್ಯವಾದ ಹೊತ್ತಿನಲ್ಲೂ ಸ್ಕ್ರೂ. ನೋಡಿ, ಎಂದಳು ಡಾಕ್ಟರಮ್ಮ, ಕಾಗದದ ಮೇಲೆ ಎರಡು ಗೆರೆ ಎಳೆದು, ನಮ್ಮ ಮೈಯಲ್ಲಿ ಇಂಥ ದಾರಗಳು ಜೋಡಿ ಜೋಡಿಯಾಗಿರ್ತವೆ, ಇದು ಇಪ್ಪತ್ತೆರಡನೇ ಜೋಡಿ, ಇದರಲ್ಲಿ ಒಂದು ದಾರದಲ್ಲಿ ಇಷ್ಟೇ ಇಷ್ಟು ಚೂರು ಇವರಿಗೆ ಇಲ್ಲ, ಹುಟ್ಟಿನಿಂದಲೇ ಇಲ್ಲ – ಗೆರೆಯ ನಡುವೆ ಉಗುರಿನಷ್ಟು ಅಳಿಸಿದಳು – ಹೃದಯದ ತೂತು, ಮೂಗಿನ ಮಾತು, ಕಡಿಮೆ ಕ್ಯಾಲ್ಸಿಯಂ, ಆ ದೊಡ್ಡ ಪ್ಲೇಟ್‌ಲೆಟ್ಟು, ಎಲ್ಲ ಇದರಿಂದ, ಇದಿರೋರಿಗೆಲ್ಲ ದನಿ ಕೇಳಿಸಲ್ಲ, ಆದ್ರೆ ಬೇರೆಯವರಿಗಿಂತ ಇವರಿಗೆ ಅದು ಬರೋ ಸಾಧ್ಯತೆ ತುಂಬ ಜಾಸ್ತಿ. ತಮ್ಮ ಬಗ್ಗಿ ಕಾಗದ ನೋಡಿದ, ಅವನ ಕನ್ನಡಕ ಜಾರಿತು, ಅಮ್ಮ ತಳ್ಳಿದಳು. ಮತ್ತೆ ಅಮ್ಮಾ, ನಿಮ್ಮ ರಕ್ತದಲ್ಲೂ ಅದೇ ಇದೆ. ಅದೇ ಅಂದ್ರೆ, ಎಂದಳು ಅಮ್ಮ. ಅದೇ ದಾರ, ಅದೇ ಜಾಗ, ನಿಮ್ಮಿಂದ ಇವರಿಗೆ ಬಂದಿದೆ, ನಿಮಗೆ ಜೋರಾಗಿ ಕಾಣಿಸ್ಕೊಂಡಿಲ್ಲ ಅಷ್ಟೇ, ಸ್ಕೂಲಲ್ಲಿ ಕಷ್ಟವಾಗ್ತಿತ್ತು ಅಂದ್ರಲ್ಲ, ಕೈ ಜುಮು ಅನ್ನುತ್ತೆ ಅಂದ್ರಲ್ಲ, ಇದೇ. ಕಿಟಕಿಯ ಹತ್ತಿರ ಕೂತವಳು ಕುರ್ಚಿಯ ಅಂಚಿಗೆ ಸರಿದಳು, ಈಗ, ಈಗ ಡಾಕ್ಟರಮ್ಮ ಇತ್ತ ತಿರುಗುತ್ತಾಳೆ, ತಿರುಗಿದಳು, ನಕ್ಕಳು, ಡಾಕ್ಟರು ನಕ್ಕರೆ ಕೆಲಸ ಕೆಟ್ಟಿತು, ನಿಮ್ಮದು ಪೂರ್ತಿ ಇದೆ ಮೇಡಂ, ಏನೂ ಕಡಿಮೆಯಿಲ್ಲ, ನೀವು ಅದೃಷ್ಟವಂತರು.

ಪೂರ್ತಿ ಇದೆ. ಏನೂ ಕಡಿಮೆಯಿಲ್ಲ. ಅವಳು ಥ್ಯಾಂಕ್ಸ್ ಎಂದಳು, ಎಂದದ್ದು ಅವಳೇ ಇರಬೇಕು, ದನಿ ಅವಳದೇ ಹಾಗಿತ್ತು, ಮತ್ತೆ ಅಮ್ಮನ ಕಡೆ ನೋಡಿದಳು, ಅಮ್ಮ ಕುಸಿಯುತ್ತಾಳೆ, ಅಳುತ್ತಾಳೆ, ತಾನು ಎದ್ದು ಹೋಗಿ ಹಿಡಿದುಕೊಳ್ಳುವುದು, ಅದಾದರೂ ಸಿಗುತ್ತದೆ. ಅಮ್ಮ ಅಳುತ್ತಿದ್ದಳು ನಿಜ, ಆದರೆ ಇದೆಂಥ ಅಳು, ಮುಖವೆಲ್ಲ ಬೆಳಕು, ಹಾಗಾದ್ರೆ ಡಾಕ್ಟ್ರೇ, ನಾನು ಬೈದಿದ್ದಕ್ಕಲ್ಲ ಅಲ್ವಾ, ಪರೀಕ್ಷೇಲಿ ಫೇಲಾದಾಗ ಬೈದಿದ್ದೆ, ಒಂದು ಏಟು ಹಾಕಿದ್ದೆ, ಅದಾದ್ಮೇಲೇ ಇವನಿಗೆ ದನಿ ಕೇಳಿಸಿದ್ದು, ಇಷ್ಟು ವರ್ಷ ನಾನು – ಇಲ್ಲಮ್ಮಾ, ಯಾರ ತಪ್ಪೂ ಅಲ್ಲ. ಯಾರ ತಪ್ಪೂ ಅಲ್ವಂತೆ ಪುಟ್ಟಾ. ತಮ್ಮ ಕಾಗದದ ಮೇಲಿನ ಅಳಿಸಿದ ಜಾಗಕ್ಕೆ ಬೆರಳಿಟ್ಟು ಮೂಗಿನಲ್ಲಿ ಕೇಳಿದ, ಅಂದ್ರೆ ಅಮ್ಮಂಗೂ ನಂಗೂ ಒಂದೇ ಜಾಗದಲ್ಲಿ ಖಾಲಿಯಾ, ಹೌದು ಅಂದಳು ಡಾಕ್ಟರಮ್ಮ, ಅವನು ನಕ್ಕ, ಎಷ್ಟು ವರ್ಷವಾಗಿತ್ತು ಹಾಗೆ ನಕ್ಕು, ನಂಗೊಬ್ಬಂಗೇ ಅಲ್ಲ ಅಮ್ಮಾ, ನಿಂಗೂ, ಇಬ್ಬರೂ ನಕ್ಕರು, ಒಂದೇ ಗಾತ್ರದ ಕಿವಿಗಳು ಒಟ್ಟಿಗೆ ಅಲ್ಲಾಡಿದವು. ಒಂದು ಚೂರು ಇಲ್ಲವೆಂದು ಹಬ್ಬ ಮಾಡುವವರನ್ನು ಅವಳು ಈವರೆಗೆ ಕಂಡಿರಲಿಲ್ಲ, ಆ ಚೂರು ತನ್ನಲ್ಲಿದೆ, ಎರಡೂ ದಾರದಲ್ಲಿದೆ, ಯಾರಿಗೆ ಬೇಕು ಅದು, ಕಿತ್ತು ಆ ಮೇಜಿನ ಮೇಲೆ ಇಟ್ಟು ನಂಗೂ ಜಾಗ ಬಿಡಿ ಅನ್ನುವ ಹಾಗಿದ್ದರೆ. ಆಗ ಅಮ್ಮನಿಗೆ ನೆನಪಾಯಿತು ಇನ್ನೊಬ್ಬಳಿದ್ದಾಳೆಂದು, ತಿರುಗಿ, ಕಣ್ಣೊರೆಸಿಕೊಳ್ಳುತ್ತ, ನಿಂಗೇನಮ್ಮ, ನೀನು ಗಟ್ಟಿ.

ಒಂದು ಜಾಗ್ರತೆ ಇರಲಿ ಅಮ್ಮಾ, ಎನ್ನುತ್ತಿದ್ದಾಳೆ ಡಾಕ್ಟರಮ್ಮ, ನಿಮಗೂ ಪ್ಲೇಟ್‌ಲೆಟ್ಟು ಕಡಿಮೆ, ಸ್ವಲ್ಪ ತಾಗಿದ್ರೂ ಮೈಮೇಲೆ ನೀಲಿ ಕಟ್ಟುತ್ತಾ, ಕಟ್ಟುತ್ತೆ ಡಾಕ್ಟ್ರೇ ಯಾವಾಗ್ಲೂ – ನೀಲಿ, ಹೌದು, ಅಮ್ಮನ ತೋಳಿನ ನೀಲಿ, ಅದನ್ನು ಹೇಗೆ ಮರೆತಳು, ಮರೆತಿಲ್ಲ, ಯಾವತ್ತೂ ಮರೆತಿಲ್ಲ. ದನಿಗಳು ಹೆಚ್ಚಾದ ದಿನ ತಮ್ಮ ಹೆದರಿ ಅಮ್ಮನ ಮುಂಗೈ ಗಬಕ್ಕನೆ ಹಿಡಿದುಕೊಳ್ಳುತ್ತಿದ್ದ, ಬಿಡುತ್ತಿರಲಿಲ್ಲ, ಮರುದಿನ ಅಲ್ಲಿ ಬೆರಳಚ್ಚು ಮೂಡಿರುತ್ತಿತ್ತು, ನೀಲಿ, ಆಮೇಲೆ ಹಸುರು, ಆಮೇಲೆ ಹಳದಿ, ಅಮ್ಮ ಪಾತ್ರೆ ತೊಳೆಯುವಾಗ ಸ್ವೆಟರಿನ ತೋಳು ಮೇಲಕ್ಕೆ ಮಡಚಿದರೆ ಎಲ್ಲ ಕಾಣುವುದು, ನೋವಾಗಲ್ವಾ ಅಮ್ಮ ಎಂದು ಅವಳು ಕೇಳಿದರೆ ಪುಟ್ಟ ಹಿಡ್ಕೊಂಡಿದ್ದು ಎನ್ನುತ್ತಿದ್ದಳು, ಕೇಳಿದ ಪ್ರಶ್ನೆಗೂ ಕೊಟ್ಟ ಉತ್ತರಕ್ಕೂ ಸಂಬಂಧವಿಲ್ಲ, ದನಿಯಲ್ಲಿ ಮಾತ್ರ ಏನೋ ಹೆಮ್ಮೆ, ಆ ಗುರುತುಗಳನ್ನು ಒಂದು ಒಡವೆಯ ಹಾಗೆ ಸೋಪಿನ ನೊರೆಯಿಂದ ಮೆಲ್ಲಗೆ ತೊಳೆಯುವಳು. ಅವನಿಗೆ ಅಮ್ಮನ ಮೈಮೇಲೆ ಸಹಿ ಹಾಕುವ ಹಕ್ಕಿತ್ತು. ಅವಳು ಒಂದು ದಿನ, ಆಗಲೇ ದುಡಿಯುವ ಹೆಂಗಸು, ಚಿಕ್ಕವಳೇನಲ್ಲ, ಮೇಜಿನ ಅಂಚಿಗೆ ತನ್ನ ಮುಂಗೈಯನ್ನು ಬೇಕೆಂದೇ ಬಡಿದು ನೋಡಿದಳು, ಕೆಂಪಾಯಿತು, ಊಟದ ಹೊತ್ತಿಗೆ ಮಾಸಿತು, ಗಟ್ಟಿ ಚರ್ಮ.

ಇನ್ನೊಮ್ಮೆ ರಕ್ತ ಕೊಟ್ಟು ಹೋಗಿ ಎಂದಿದ್ದಾಳೆ ಡಾಕ್ಟರಮ್ಮ, ಕ್ಯಾಲ್ಸಿಯಂಗೆ, ಥೈರಾಯ್ಡಿಗೆ, ಅವರಿಬ್ಬರದು ಮಾತ್ರ, ನಿಮ್ಮದು ಬೇಡ ಮೇಡಂ, ಬೇಡ, ಗೊತ್ತು, ನನ್ನದು ಯಾವತ್ತು ಬೇಕಾಗಿತ್ತು. ರಕ್ತ ತೆಗೆಯುವ ಕೋಣೆಯಲ್ಲಿ ಹಸಿರು ಪರದೆ, ಸ್ಪಿರಿಟ್ಟಿನ ತಣ್ಣನೆ ವಾಸನೆ, ಮೊದಲು ತಮ್ಮ, ಸೂಜಿ ಕಂಡರೆ ಹೆದರುತ್ತಾನೆ, ಅಮ್ಮ ಅವನ ಕಣ್ಣಿಗೆ ಕೈ ಅಡ್ಡ ಹಿಡಿದಳು, ನಂಗೂ ತೆಗೀತಾರೆ ಪುಟ್ಟಾ, ನಾವಿಬ್ಬರೂ ಒಂದೇ ಅಲ್ವಾ, ಈ ಮಾತು ಇನ್ನು ಎಷ್ಟು ವರ್ಷ ಕೇಳಬೇಕೋ, ತೆಗೆದಾದ ಮೇಲೆ ಹತ್ತಿಯನ್ನು ಅಮ್ಮನೇ ಒತ್ತಿ ಹಿಡಿದಳು, ಒತ್ತಿಯೇ ಇದ್ದಳು, ನಿಂತಿತು. ಆಮೇಲೆ ಅಮ್ಮನ ಸರದಿ, ಬಿಳಿಚಿದ ಸಣ್ಣ ತೋಳು, ಸೂಜಿ ಹೊರಗೆ ಬರುತ್ತಲೇ ಹತ್ತಿ ಕೆಂಪಾಯಿತು, ತಮ್ಮ ನಾನು ಒತ್ತುತ್ತೀನಿ ಎಂದು ಬಂದ, ಅವನ ಕೈ ನಡುಗುತ್ತದೆ, ಹೊಸ ಮಾತ್ರೆ, ನರ್ಸು ಅವನನ್ನು ಪಕ್ಕಕ್ಕೆ ಸರಿಸಿ ಇವರ ಜೊತೆ ಇನ್ಯಾರಿದೀರಿ, ಬನ್ನಿ ಇಲ್ಲಿ, ಸರಿಯಾಗಿ ಒತ್ತಿ ಹಿಡೀರಿ, ಇವರಿಗೆ ಬೇಗ ನಿಲ್ಲಲ್ಲ ಅಂದಳು. ಇನ್ಯಾರಿದೀರಿ. ಅವಳಿದ್ದಾಳೆ. ನಾಲ್ಕು ಬೆರಳನ್ನು ತೋಳಿನ ಅಡಿಗೆ ಕೊಟ್ಟು ಹೆಬ್ಬೆರಳನ್ನು ಹತ್ತಿಯ ಮೇಲಿಟ್ಟು ಒತ್ತಿದಳು, ಅಮ್ಮನ ತೋಳು, ಎಷ್ಟು ಮೆತ್ತಗಿದೆ, ಎಷ್ಟು ಕಾಲವಾಯಿತು ಇದನ್ನು ಮುಟ್ಟಿ, ಮುಟ್ಟಿದ್ದು ಯಾವಾಗ, ನಾಲ್ಕು ವರ್ಷದವಳಾಗಿದ್ದಾಗ ಇರಬೇಕು, ಚರ್ಮದ ಕೆಳಗೆ ರಕ್ತ ಟಕ್ ಟಕ್ ಎನ್ನುತ್ತದೆ, ಆ ಊದಿಕೊಂಡ ಸೋಮಾರಿ ಪ್ಲೇಟ್‌ಲೆಟ್ಟುಗಳು ಓಡಾಡುತ್ತಿವೆ, ಅವಕ್ಕೆ ಅವಳ ಗುರುತಿಲ್ಲ. ಅಮ್ಮ ಅವಳನ್ನು ನೋಡುತ್ತಿಲ್ಲ, ಅವಳ ಭುಜದಾಚೆಗೆ ನೋಡುತ್ತಿದ್ದಾಳೆ, ಪುಟ್ಟಾ ಗುಂಡಿ ಹಾಕ್ಕೋ, ಪುಟ್ಟಾ ಅಲ್ಲಿ ತಂತಿ ಇದೆ ನೋಡ್ಕೊಂಡು, ಅವಳು ಇನ್ನಷ್ಟು ಒತ್ತಿದಳು, ನೋಯುತ್ತಾ ಅಮ್ಮ, ಇಲ್ಲ, ಇನ್ನಷ್ಟು, ಬೆರಳುಗಳನ್ನೂ ಬಿಗಿದಳು, ನೋಯುತ್ತಾ, ಇಲ್ಲಮ್ಮ, ಪುಟ್ಟಾ ಬಾಗಿಲ ಹತ್ತಿರ ನಿಲ್ಬೇಡ. ನೋಯುತ್ತದೆ ಅನ್ನಬಾರದೇ, ಬಿಡೇ ಎಂದು ಒಮ್ಮೆ ಬೈಯಬಾರದೇ, ತಿರುಗಿ ನೋಡಬಾರದೇ. ರಕ್ತ ನಿಂತು ಎಷ್ಟೋ ಹೊತ್ತಾಗಿತ್ತು, ಅದು ಅವಳಿಗೆ ಗೊತ್ತಿತ್ತು, ಸಾಕು ಬಿಡಿ ಎಂದು ನರ್ಸು ಹೇಳುವ ತನಕ ಅವಳು ಬಿಡಲಿಲ್ಲ.

ಬಸ್ಸಿನಲ್ಲಿ ಅವರಿಬ್ಬರಿಗೆ ಒಂದು ಸೀಟು ಸಿಕ್ಕಿತು, ಅವಳು ನಿಂತಳು, ಕಂಬ ಹಿಡಿದು, ಅವರ ಪಕ್ಕದಲ್ಲೇ. ಅಂಗಡಿಗೆ ಅರ್ಧ ದಿನ ರಜೆ ಹೇಳಿದ್ದಾಳೆ, ಮಧ್ಯಾಹ್ನ ಹೋಗಬೇಕು, ಎರಡು ಫ್ರೇಮು ಬಾಕಿ ಇವೆ, ಒಂದು ಮುದುಕನದು, ಒಂದು ಮಗುವಿನದು, ಮಗುವಿನದಕ್ಕೆ ಹಿಂದೆ ಪಟ್ಟಿ ಹಾಕಬೇಕು, ಹೀಗೆ ಬೇರೆ ಏನಾದರೂ ಯೋಚಿಸುತ್ತಿದ್ದರೆ ಆ ಕಡೆ ನೋಡದೆ ಇರಬಹುದು, ಸಿಗ್ನಲ್ಲು, ಔಷಧಿ ಅಂಗಡಿ, ಗೋಡೆಯ ಮೇಲೆ ಹರಿದ ಪೋಸ್ಟರು, ಬಿಸಿಲು ಕಿಟಕಿಯಿಂದ ನೇರ ಅಮ್ಮನ ತೊಡೆಯ ಮೇಲೆ ಬಿದ್ದಿದೆ, ಸೆಕೆ ಎಂದು ಅಮ್ಮ ಸ್ವೆಟರಿನ ತೋಳು ಮೇಲಕ್ಕೆ ಸರಿಸಿಕೊಂಡಳು. ಮೂಡುತ್ತಿದೆ. ಇಷ್ಟು ಬೇಗ. ಸೂಜಿಯ ಚುಕ್ಕೆಯ ಸುತ್ತ ಅಗಲವಾಗಿ ಒಂದು, ಅಡಿಯಿಂದ ಮೇಲೆ ಹತ್ತಿ ಬರುವ ಹಾಗೆ ಬೆರಳುಗಳು, ಇನ್ನೂ ತೆಳು ನೀಲಿ, ಸಂಜೆಗೆ ಗಾಢವಾಗುತ್ತದೆ, ತಪ್ಪು ಮಾಡಿದೆ ಅನ್ನಿಸಬೇಕಿತ್ತು, ಅನ್ನಿಸಿತು, ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು, ಬೆಚ್ಚಗೆ, ಕಳ್ಳನ ಹಾಗೆ, ಖುಷಿ, ನಂದು, ಅದು ನಂದು, ಕೊನೆಗೂ ಅಲ್ಲಿ ಒಂದು ನಂದು. ಅಮ್ಮ ಪಾತ್ರೆ ತೊಳೆಯುವಾಗ ನೋಡುತ್ತಾಳೆ, ದೊಡ್ಡೋಳು ಹಿಡ್ಕೊಂಡಿದ್ದು ಎಂದುಕೊಳ್ಳುತ್ತಾಳೆ, ಹಸುರಾಗುವ ತನಕ, ಹಳದಿಯಾಗುವ ತನಕ.

ಅದನ್ನು ಕಂಡದ್ದು ತಮ್ಮ. ಅಮ್ಮಾ ಇದೇನು, ಎಂದ, ಮೆಲ್ಲಗೆ, ಅವನ ಮುಖದ ಬಣ್ಣ ಇಳಿದುಹೋಯಿತು, ಇದು ನಾನಾ, ನಾನು ಮಾಡಿದ್ನಾ, ಯಾವಾಗ ಮಾಡ್ದೆ, ನಂಗೆ ನೆನಪೇ ಇಲ್ವಲ್ಲ ಅಮ್ಮಾ, ದನಿ ಏರುತ್ತಿದೆ, ಮುಂದಿನ ಸೀಟಿನವರು ತಿರುಗಿ ನೋಡಿದರು. ಅಮ್ಮ ತೋಳನ್ನು ನೋಡಿದಳು. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದಳು, ನೆಟ್ಟಗೆ, ಕಣ್ಣಿಗೆ ಕಣ್ಣಿಟ್ಟು, ಇಷ್ಟು ವರ್ಷ ಬೇಡಿದ ನೋಟ ಬಸ್ಸಿನ ಕುಲುಕಾಟದಲ್ಲಿ ಬಂದು ನಿಂತಿತು, ಅಮ್ಮನಿಗೆ ಗೊತ್ತು, ಗೊತ್ತಿದೆ, ರಕ್ತ ತೆಗೆದ ಕೋಣೆಯಲ್ಲೇ ಗೊತ್ತಿತ್ತು, ಹೇಳಮ್ಮ, ಈಗ ಹೇಳು, ದೊಡ್ಡೋಳು ಮಾಡಿದ್ದು ಅನ್ನು, ಬೈ, ಎಲ್ಲರೆದುರು ಬೈ. ಅಮ್ಮ ಕಣ್ಣು ಕೆಳಗಿಳಿಸಿ ಅವನ ಮಣಿಕಟ್ಟು ಹಿಡಿದುಕೊಂಡಳು, ಹೂಂ ಪುಟ್ಟಾ, ನೀನೇ, ಸೂಜಿಗೆ ಹೆದರಿ ಹಿಡ್ಕೊಂಡೆಯಲ್ಲ, ಪರವಾಗಿಲ್ಲ ಬಿಡು, ನೋವಿಲ್ಲ. ಅಲ್ಲ. ಅಲ್ಲ ಅಮ್ಮ. ಬಾಯಿಗೆ ಬಂತು, ನಾಲಿಗೆಯ ಮೇಲೆ ಕೂತಿತು, ಅದು ನಂದು, ಅವನದಲ್ಲ, ನಂದು ಕೊಡು – ಅಮ್ಮ ಮುಚ್ಚಿಹಾಕಿದ್ದು ಯಾರನ್ನು ಉಳಿಸಲಿಕ್ಕೆ, ಅವಳನ್ನೋ, ಅಥವಾ ಇದೂ ಅವನಿಗೇ ಸೇರಲಿ ಎಂದೋ, ಎಲ್ಲ ನೀಲಿಯೂ ಅವನದೇ ಎಂದು ಬಾಯಿಗೆ ಅಭ್ಯಾಸವಾಗಿಬಿಟ್ಟಿದೆಯೋ – ತಮ್ಮನ ಕಣ್ಣಲ್ಲಿ ನೀರು, ಸಾರಿ ಅಮ್ಮಾ, ಸಾರಿ, ಅವನು ತನ್ನ ಹೆಬ್ಬೆರಳನ್ನು ತಂದು ಆ ನೀಲಿಯ ಮೇಲೆ ಇಟ್ಟ, ಸವರಲಿಕ್ಕೆ, ಅವನ ತೆಳ್ಳನೆಯ ಹೆಬ್ಬೆರಳು, ಕಡ್ಡಿ ಬಗ್ಗಿಸಿ ಬಗ್ಗಿಸಿ ಚಪ್ಪಟೆಯಾದ ಅವಳ ಹೆಬ್ಬೆರಳಿನ ಅರ್ಧ ಅಗಲವೂ ಇಲ್ಲದ್ದು, ಅದರ ಎರಡೂ ಬದಿಗೆ ನೀಲಿ, ಹೊರಗೆ ಉಳಿದ ನೀಲಿ, ಅವನು ಎಷ್ಟು ಸವರಿದರೂ ಮುಚ್ಚದ ನೀಲಿ, ಅಮ್ಮನೂ ಅದನ್ನೇ ನೋಡುತ್ತಿದ್ದಾಳೆ, ನೀಲಿ –